ಛೆಟ್ರಿ ಇಲ್ಲದ ಇಂಡಿಯಾ ಟೀಮು: ಇನ್ನೂ ನೋಡ್ತಿರೋರು ಯಾರಿದ್ದೀರಿ?

ಬಾಳುಪೇಟೆ 11 | ನವೆಂಬರ್ 19, 2025, ಬುಧವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನವನು ನಾನು, ಕಾಫಿ ಎಸ್ಟೇಟಲ್ಲಿ ರೈಟರ್ ಕೆಲಸ. ಇಲ್ಲಿ ಕ್ರಿಕೆಟ್ ಮಾತೇ ಜಾಸ್ತಿ ಅಂತ ಗೊತ್ತು. ಆದ್ರೂ ಫುಟ್‌ಬಾಲ್ ನೋಡೋರು ನಾಲ್ಕು ಜನ ಆದ್ರೂ ಇರ್ತೀರಿ ಅನ್ನೋ ನಂಬಿಕೆ ಮೇಲೆ ಬರೀತಿದ್ದೀನಿ.

ನಿನ್ನೆ ಢಾಕಾದಲ್ಲಿ ನಮ್ಮವರು ಬಾಂಗ್ಲಾದೇಶದ ಕೈಲಿ 1-0 ಸೋತ್ರು. 22 ವರ್ಷ ಆದ್ಮೇಲೆ ಅವರ ಕೈಲಿ ಸೋತಿದ್ದು. ಹೋದ ತಿಂಗಳು 14ಕ್ಕೆ ಮಡಗಾಂವ್‌ನಲ್ಲಿ ಸಿಂಗಾಪುರದ ಮೇಲೆ ಮೊದಲು ನಾವೇ ಗೋಲು ಹೊಡೆದು, ಆಮೇಲೆ ಎರಡು ತಿಂದು, 2027ರ ಏಷ್ಯನ್ ಕಪ್ಪಿನ ಬಾಗಿಲು ಮುಚ್ಚಿಕೊಂಡಾಗಿತ್ತು. ಹಾಗಾಗಿ ನಿನ್ನೆಯದು ಗೆದ್ದಿದ್ರೂ ಬರೋದೇನೂ ಇರಲಿಲ್ಲ. ಇಷ್ಟು ವರ್ಷ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ ಟೀಮಲ್ಲಿಲ್ಲ. ದೇಶದ ಪರ ಆಡೋದು ಮುಗೀತು ಅಂತ ಈ ತಿಂಗಳು ಎರಡನೇ ಸಲ ಹೇಳಿದ್ದಾಯ್ತು.

ಮ್ಯಾಚ್ ಹಾಕ್ದಾಗ ಅಕ್ಕನ ಮಗ ಪಕ್ಕದಲ್ಲಿ ಕೂತಿದ್ದ. ಹತ್ತು ವರ್ಷ. ಮನೇಲಿದ್ರೆ ಮೈಮೇಲೆ ಮೆಸ್ಸಿ ಅಂಗಿನೇ. "ಮಾಮ, ಛೆಟ್ರಿನೇ ಇಲ್ವಲ್ಲ, ಇನ್ಯಾಕೆ ನೋಡ್ತೀಯ?" ಅಂದ. ನನಗೆ ಉತ್ತರ ಬರಲಿಲ್ಲ. ಇವತ್ತು ಹಣ್ಣು ತೂಕ ಬರ್ಕೊಳ್ಳುವಾಗ್ಲೂ ಅದೇ ಮಾತು ತಲೇಲಿ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ.

ನನ್ನ ಕಥೆ ಮೊದಲು ಹೇಳಿಬಿಡ್ತೀನಿ. 2017ರ ಜೂನ್ 13, ಮಂಗಳವಾರ. ಬೆಂಗಳೂರು ಕಂಠೀರವದಲ್ಲಿ ಕಿರ್ಗಿಸ್ತಾನದ ಮೇಲೆ ಏಷ್ಯನ್ ಕಪ್ ಅರ್ಹತಾ ಮ್ಯಾಚು. ಮಳೆ ಹಿಡಿದಿತ್ತು, ತೋಟದಲ್ಲಿ ಅಂಥಾ ಕೆಲಸ ಇರಲಿಲ್ಲ. ಸಾಹುಕಾರ್ರ ಹತ್ರ ಒಂದು ದಿನ ರಜೆ ಕೇಳಿ, ಬೆಳಿಗ್ಗೆ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ ಬಂದಿಳಿದೆ. ಅಲ್ಲೀವರೆಗೂ ನಾನು ಲೈಟ್ ಹಾಕಿದ ಮೈದಾನ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಆಟ ಏನಿದ್ರೂ ಕೆಸರುಗದ್ದೇಲಿ, ಇಲ್ಲಾ ಸ್ಕೂಲ್ ಫೀಲ್ಡಲ್ಲಿ. ಮೆಟ್ಟಿಲು ಹತ್ತಿ ಮೇಲೆ ಬಂದ ಕೂಡ್ಲೇ ಆ ಹಸಿರು ಕಂಡು ಒಂದು ನಿಮಿಷ ಸುಮ್ನೆ ನಿಂತುಬಿಟ್ಟೆ. ಹಿಂದಿನವರು "ಹೋಗಣ್ಣ ಮುಂದೆ" ಅಂತ ತಳ್ಳಿದ್ರು.

69ನೇ ನಿಮಿಷದವರೆಗೂ ಗೋಲಿಲ್ಲ. ಛೆಟ್ರಿಗೆ ಮೈದಾನದ ನಡುವಲ್ಲಿ ಚೆಂಡು ಸಿಕ್ತು. ಅಲ್ಲಿಂದ ಎಳೆದುಕೊಂಡು ಹೊರಟ. ಅಡ್ಡ ಬಂದವರನ್ನ ದಾಟಿ ಜೊತೆಗಾರ ಜೇಜೆಗೆ ಕೊಟ್ಟ. ಚೆಂಡು ಕೊಟ್ಟು ನಿಲ್ಲಲಿಲ್ಲ ನೋಡಿ, ಓಡ್ತಾನೇ ಇದ್ದ. ಜೇಜೆ ಅದನ್ನ ಡಿಫೆಂಡರ್‌ಗಳ ಮೇಲಿಂದ ಎತ್ತಿ ಹಾಕಿದ, ಇವನು ನೆಲಕ್ಕೆ ಬೀಳೋಕೆ ಬಿಡದೆ ಹೊಡೆದ. ಬಲೆ ಅಲ್ಲಾಡಿದ್ದು ಕಂಡಿದ್ದಷ್ಟೇ ನೆನಪು. ಆಮೇಲೆ ಪಕ್ಕದಲ್ಲಿದ್ದ ಯಾರೋ ಅಪರಿಚಿತರು ನನ್ನ ಎತ್ತಿ ಹಿಡಿದಿದ್ರು. 1-0 ಗೆದ್ವಿ. ಮುಂದಿನ ತಿಂಗಳ ಫಿಫಾ ಪಟ್ಟೀಲಿ ಇಂಡಿಯಾ 96ನೇ ಜಾಗಕ್ಕೆ ಬಂತು.

ರಾತ್ರಿ ಬಸ್ಸಲ್ಲಿ ಹೊರಟು ಬೆಳಕು ಹರಿಯೋ ಹೊತ್ತಿಗೆ ಊರು ಸೇರಿ, ಸ್ನಾನ ಮಾಡಿ ಹಾಜರಿ ಪುಸ್ತಕ ಹಿಡ್ಕೊಂಡು ನಿಂತೆ. ನಿದ್ದೆ ಇರಲಿಲ್ಲ. ಆದ್ರೆ ಅಷ್ಟು ಹಗುರಾಗಿ ನಾನು ಯಾವತ್ತೂ ಕೆಲಸ ಮಾಡಿದ್ದಿಲ್ಲ.

ಈಗ ಹೇಳಿ, ಆ ಹುಡುಗನಿಗೆ ಏನಂತ ಉತ್ತರ ಕೊಡಲಿ?

ಚನ್ನರಾಯಪಟ್ಟಣ ಬೈಪಾಸ್ | ಬುಧವಾರ ರಾತ್ರಿ 10:15

ಅಣ್ಣಾ, ಆ ಮ್ಯಾಚಿಗೆ ನಾನೂ ಇದ್ದೆ! ಕಾಲೇಜು ಎರಡನೇ ವರ್ಷ, ಹಾಸ್ಟೆಲ್ಲಿಂದ ಐದು ಜನ ಹೋಗಿದ್ವಿ. ಆ ಗೋಲನ್ನ ಫೋನಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ನಿಮ್ಮನ್ನ ಎತ್ತಿ ಹಿಡಿದವರಲ್ಲಿ ನಮ್ಮ ಹುಡುಗರೂ ಇದ್ದಿರಬಹುದು.

ನಾನು ಇನ್ನೂ ನೋಡ್ತೀನಿ. ಕಾರಣ ಹುಡುಕಿಲ್ಲ.

ನೀಲಿ ಬಿಳಿ ಪಟ್ಟೆ | ಬುಧವಾರ ರಾತ್ರಿ 10:40

ಹಾಸನ ಟೌನಿನವನು, ಅರ್ಜೆಂಟೀನಾ ಅಭಿಮಾನಿ. ನಿಮ್ಮ ಅಳಿಯನ ಪಕ್ಷ ವಹಿಸೋಕೆ ಬಂದೆ.

ದೂರದ ದೇಶದ ಟೀಮನ್ನ ಪ್ರೀತಿಸೋದು ಶೋಕಿ ಅಂತ ತುಂಬಾ ಜನ ಅಂದ್ಕೋತಾರೆ. ನನಗೆ ಅದು ನೋವಾಗುತ್ತೆ. 2014ರ ಜುಲೈ 14ರ ನಡುರಾತ್ರಿ ವರ್ಲ್ಡ್ ಕಪ್ ಫೈನಲಲ್ಲಿ ಜರ್ಮನಿಯ ಗೋಟ್ಸೆ 113ನೇ ನಿಮಿಷದಲ್ಲಿ ಗೋಲು ಹೊಡೆದಾಗ ನಾನು ಟೀವಿ ಆರಿಸಿ ಕತ್ತಲಲ್ಲಿ ಕೂತಿದ್ದೆ. ಅಮ್ಮ ಎದ್ದು ಬಂದು ಯಾರಾದ್ರೂ ತೀರ್ಕೊಂಡ್ರಾ ಅಂತ ಕೇಳಿದ್ರು. 2016ರಲ್ಲಿ ಕೋಪಾ ಅಮೆರಿಕಾ ಫೈನಲಲ್ಲಿ ಚಿಲಿ ಮೇಲೆ ಪೆನಾಲ್ಟಿ ತಪ್ಪಿಸಿ ಮೆಸ್ಸಿ ಇನ್ನು ದೇಶಕ್ಕೆ ಆಡಲ್ಲ ಅಂದ ದಿನ ನಾನು ಅಂಗಡಿ ತೆಗೀಲಿಲ್ಲ. ಅವನು ವಾಪಸ್ ಬಂದ. 2021ರಲ್ಲಿ ಅದೇ ಕಪ್ಪಿನ ಫೈನಲಲ್ಲಿ, ಮರಕಾನಾದಲ್ಲಿ ಬ್ರೆಜಿಲ್ ಮೇಲೆ ಡಿ ಮರಿಯಾ ಒಂದು ಗೋಲು ಹೊಡೆದು 28 ವರ್ಷದ ಬರ ತೀರಿಸಿದ. ಇಲ್ಲಿ ಭಾನುವಾರ ಬೆಳಿಗ್ಗೆ, ಹಾಲಿನವನು ಬರೋ ಹೊತ್ತು.

2022ರ ವರ್ಲ್ಡ್ ಕಪ್ಪಲ್ಲಿ ಮೊದಲ ಮ್ಯಾಚೇ ಸೌದಿ ಕೈಲಿ 2-1 ಸೋತಾಗ ಎಲ್ರೂ ನನ್ನ ಮುಖ ನೋಡಿದ್ರು. ನಾನು ಅಂಗಿ ಬಿಚ್ಚಲಿಲ್ಲ. ಡಿಸೆಂಬರ್ 18ರ ರಾತ್ರಿ ಫೈನಲಲ್ಲಿ 3-3 ಆಗಿ, ಕೊನೇ ಗಳಿಗೆಯಲ್ಲಿ ಫ್ರಾನ್ಸಿನ ಕೋಲೋ ಮುವಾನಿ ಹೊಡೆತಕ್ಕೆ ನಮ್ಮ ಕೀಪರ್ ಮಾರ್ಟಿನೆಜ್ ಎಡಗಾಲು ಚಾಚಿದ್ನಲ್ಲ, ಆ ಕಾಲಿಗೆ ಕೈ ಮುಗಿದಿದ್ದೀನಿ.

ಹಾಗಾಗಿ ಕಾಯೋದು, ಅಳೋದು, ಬಿಡದೆ ಇರೋದು ನಮಗೂ ಗೊತ್ತು ಅಣ್ಣ. ಹುಡುಗ ಒಳ್ಳೆ ಆಟ ನೋಡಿ ಬೆಳೀಲಿ. ಇಂಡಿಯಾ ಟೀಮ್ ಪಟ್ಟೀಲಿ 130ರಾಚೆ ಇದೆ. ಅದನ್ನ ನೋಡಲೇಬೇಕು ಅಂತ ಮಗು ಮೇಲೆ ಯಾಕೆ ಹೊರಿಸ್ಬೇಕು?

ಬಾಳುಪೇಟೆ 11 | ಬುಧವಾರ ರಾತ್ರಿ 11:05

ತಮ್ಮಾ, ನಿಮ್ಮ ಪ್ರೀತಿ ಶೋಕಿ ಅಂತ ನಾನು ಯಾವತ್ತೂ ಅನ್ನಲ್ಲ. ಆ ಫೈನಲ್ ನಾನೂ ಹುಡುಗನ ಜೊತೆ ನೋಡಿದ್ದೀನಿ. ಅವನಿಗಾಗ ಏಳು ವರ್ಷ, ನಿದ್ದೆಗಣ್ಣಲ್ಲಿ ಕುಣಿದ.

ನನ್ನ ಮನಸಲ್ಲಿರೋದು ಇಷ್ಟು. ಅರ್ಜೆಂಟೀನಾಕ್ಕೆ ಬಾಳುಪೇಟೆ ಬೇಕಾಗಿಲ್ಲ. ನಾನು ನೋಡದಿದ್ರೆ ಅವರ ಸ್ಟೇಡಿಯಂನಲ್ಲಿ ಒಂದು ಸೀಟೂ ಖಾಲಿ ಇರಲ್ಲ. ಕಂಠೀರವದಲ್ಲಿ ನನ್ನ ಸೀಟು ಖಾಲಿ ಇರುತ್ತೆ, ಆಡೋರಿಗೆ ಅದು ಕಾಣುತ್ತೆ.

ಚನ್ನರಾಯಪಟ್ಟಣ ಬೈಪಾಸ್ | ಬುಧವಾರ ರಾತ್ರಿ 11:20

ಅಣ್ಣ ಹೇಳಿದ್ದು ಸುಮ್ನೆ ಮಾತಲ್ಲ. 2018ರ ಜೂನ್ 1ಕ್ಕೆ ಮುಂಬೈಲಿ ಚೈನೀಸ್ ತೈಪೆ (ತೈವಾನ್) ಮೇಲೆ 5-0 ಗೆದ್ರು, ಛೆಟ್ರಿ ಹ್ಯಾಟ್ರಿಕ್ ಹೊಡೆದ. ನೋಡೋಕೆ ಬಂದಿದ್ದು ಎರಡೂವರೆ ಸಾವಿರ ಜನ. ಮಾರನೇ ದಿನ ಅವನು ಒಂದು ವಿಡಿಯೋ ಮಾಡಿ ಹಾಕಿದ. ದೇಶದ ಕ್ಯಾಪ್ಟನ್ನು ಕ್ಯಾಮೆರಾ ಮುಂದೆ ಕೂತು, ದಯವಿಟ್ಟು ಸ್ಟೇಡಿಯಂಗೆ ಬನ್ನಿ, ನಮ್ಮನ್ನ ಬೈಯೋದಿದ್ರೂ ಬಂದು ಎದುರಿಗೇ ಬೈರಿ, ನಿಮ್ಮ ಮನಸ್ಸು ಬದಲಾಯಿಸೋಕೆ ನಮಗೊಂದು ಅವಕಾಶ ಕೊಡಿ ಅನ್ನೋ ಅರ್ಥದಲ್ಲಿ ಕೇಳ್ಕೊಂಡ. ಯುರೋಪ್ ಕ್ಲಬ್ಬುಗಳ ಅಭಿಮಾನಿಗಳನ್ನೂ ಹೆಸರಿಟ್ಟೇ ಕರೆದ, ನಿಮ್ಮ ಕ್ಲಬ್ಬುಗಳಷ್ಟು ಚೆನ್ನಾಗಿ ನಾವು ಆಡಲ್ಲ ಅಂತಾನೂ ಒಪ್ಕೊಂಡ.

ಜೂನ್ 4ಕ್ಕೆ ಕೀನ್ಯಾ ಮೇಲೆ ಅವನ 100ನೇ ಮ್ಯಾಚು. ಜೋರು ಮಳೆ, ಮೈದಾನದಲ್ಲಿ ನೀರು ನಿಂತಿತ್ತು, ಆದ್ರೂ ಟಿಕೆಟ್ ಎಲ್ಲಾ ಖರ್ಚಾಗಿ ಹೋಗಿತ್ತು. 3-0, ಅವನದ್ದೇ ಎರಡು. ನಾನು ಹಾಸ್ಟೆಲ್ ಮೆಸ್ಸಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತಿದ್ದೀನಿ.

ಯಾವ ದೇಶದ ಕ್ಯಾಪ್ಟನ್ನೂ ಹಾಗೆ ಕೇಳೋ ಪರಿಸ್ಥಿತಿ ಬರಬಾರದು. ಕೇಳಿದ್ಮೇಲೆ ಹೋಗದೇ ಇರೋಕೆ ನನ್ನ ಕೈಲಿ ಆಗಲಿಲ್ಲ, ಅಷ್ಟೆ.

ಹಳದಿ ಆನೆ | ಗುರುವಾರ ಬೆಳಿಗ್ಗೆ 6:30

ಮೂಡಿಗೆರೆ ಕಡೆಯವನು ಮಾರಾಯ್ರೆ. ಅಜ್ಜ ಕೇರಳದಿಂದ ತೋಟದ ಕೆಲಸಕ್ಕೆ ಬಂದವರು, ನಾವು ಇಲ್ಲೇ ಹುಟ್ಟಿ ಬೆಳೆದೋರು. ಕ್ಲಬ್ ಅಂದ್ರೆ ಕೇರಳ ಬ್ಲಾಸ್ಟರ್ಸ್, ಅದ್ರಲ್ಲಿ ಮಾತಿಲ್ಲ.

ಛೆಟ್ರಿ ಬಗ್ಗೆ ನನ್ನಷ್ಟು ಸಿಟ್ಟು ಇಲ್ಲಿ ಯಾರಿಗೂ ಇರಲಿಕ್ಕಿಲ್ಲ. 2023ರ ಮಾರ್ಚ್ 3, ಕಂಠೀರವ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್, ಅವನ ಕ್ಲಬ್ ಬೆಂಗಳೂರು ಎಫ್‌ಸಿ ಮೇಲೆ. ಎಕ್ಸ್‌ಟ್ರಾ ಟೈಮಲ್ಲಿ ಫ್ರೀ ಕಿಕ್ ಸಿಕ್ತು, ನಮ್ಮ ಗೋಲ್‌ಕೀಪರ್ ಇನ್ನೂ ಗೋಡೆ ಕಟ್ಟಿಸ್ತಾ ನಿಂತಿದ್ದ, ಇವನು ಸೀದಾ ಹೊಡೆದುಬಿಟ್ಟ. ರೆಫ್ರಿ ಗೋಲು ಕೊಟ್ರು, ನಮ್ಮವರು ಮೈದಾನ ಬಿಟ್ಟು ಹೊರಗೆ ಬಂದ್ರು. ಅವತ್ತು ನಾನು ಗ್ಯಾಲರೀಲೇ ಇದ್ದೆ. ವಾಪಸ್ ಬರುವಾಗ ಚಾರ್ಮಾಡಿ ಕಡೆ ಮೋಡದ ಹಾಗೆ ಮನಸ್ಸು ಕಪ್ಪಾಗಿತ್ತು. ಇನ್ನು ಈ ಮನುಷ್ಯನಿಗೆ ಚಪ್ಪಾಳೆ ತಟ್ಟಲ್ಲ ಅಂತ ನಿರ್ಧಾರ ಮಾಡಿದ್ದೆ. ಅದು ನಿಯಮದ ಪ್ರಕಾರ ಸರೀನಾ ತಪ್ಪಾ ಅಂತ ಇಲ್ಲಿ ವಾದ ಬೇಡ, ನನ್ನ ಅಭಿಪ್ರಾಯ ಬದಲಾಗಲ್ಲ.

ಮೂರೂವರೆ ತಿಂಗಳು ಆಯ್ತು. ಜೂನ್ 21, ಅದೇ ಕಂಠೀರವ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್, ಪಾಕಿಸ್ತಾನದ ಮೇಲೆ ಮ್ಯಾಚು. ತಮ್ಮ ಟಿಕೆಟ್ ತೆಗೆದಿದ್ದ, ಬಲವಂತಕ್ಕೆ ಹೋದೆ. ಮಳೆ ಹೊಡೀತಿತ್ತು. 10ನೇ ನಿಮಿಷದಲ್ಲಿ ಅವರ ಗೋಲ್‌ಕೀಪರ್ ಚೆಂಡು ಕಾಲಲ್ಲಿಟ್ಟುಕೊಂಡು ತಡಬಡಾಯಿಸಿದ. ಅಲ್ಲೀವರೆಗೆ ಯಾರು ಓಡ್ತಾರೆ? ನೂರಕ್ಕೆ ತೊಂಬತ್ತೊಂಬತ್ತು ಸಲ ಕೀಪರ್ ಹೊಡೆದು ಕಳಿಸ್ತಾನೆ, ಓಡಿದ್ದು ದಂಡ. 38 ವರ್ಷದ ಮನುಷ್ಯ ಆ ನೂರನೇ ಸಲಕ್ಕೋಸ್ಕರ ಓಡಿದ್ದ. ಚೆಂಡು ಕಾಲಿಗೆ ಸಿಕ್ತು, ಖಾಲಿ ಗೋಲಿಗೆ ತಳ್ಳಿದ. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್ಕು. ಉದಾಂತ ಒಂದು ಸೇರಿಸಿ 4-0. ಮೂರನೇದಕ್ಕೆ ನಾನು ಪಕ್ಕದವನನ್ನ ತಬ್ಬಿಕೊಂಡಿದ್ದೆ. ಅವನ ಕುತ್ತಿಗೇಲಿದ್ದಿದ್ದು ಬೆಂಗಳೂರು ಎಫ್‌ಸಿ ಸ್ಕಾರ್ಫು.

ಮಾರ್ಚ್ 3 ಮರೆತಿಲ್ಲ. ಎರಡೂ ಒಟ್ಟಿಗೇ ಇಟ್ಟುಕೊಂಡಿದ್ದೀನಿ.

ಪಿಟಿ ಮೇಡಂ | ಗುರುವಾರ ಸಂಜೆ 5:10

ಚಿಕ್ಕಮಗಳೂರು ಜಿಲ್ಲೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಎಲ್ಲರೂ ಪ್ರೀತಿಯಿಂದ ಬರೆದಿದ್ದೀರಿ. ಒಂದು ಮಾತು ಮಾತ್ರ ಬಿಟ್ಟುಹೋಗಿದೆ, ಅದನ್ನು ನಾನೇ ಹೇಳಬೇಕು.

ಇಂಡಿಯಾ ಟೀಮು ಸೋತಿತು, ಏಷ್ಯನ್ ಕಪ್ ಹೋಯಿತು ಎಂದು ಬರೆಯುತ್ತಿದ್ದೀರಿ. ಯಾವ ಟೀಮು? ಹೆಣ್ಣುಮಕ್ಕಳ ಟೀಮು ಹೋಗುತ್ತಿದೆಯಲ್ಲ! ಇದೇ ವರ್ಷ ಜುಲೈ 5ಕ್ಕೆ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನು 2-1 ಸೋಲಿಸಿದರು. ಎರಡು ಗೋಲೂ ಸಂಗೀತಾ ಬಾಸ್‌ಫೋರ್ ಹೊಡೆದದ್ದು. ಅದಕ್ಕೂ ಮೊದಲು ಮಂಗೋಲಿಯಾ ಮೇಲೆ 13-0, ತಿಮೋರ್ ಮೇಲೆ 4-0, ಇರಾಕ್ ಮೇಲೆ 5-0. ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯನ್ ಕಪ್ಪಿಗೆ ಹೋಗುತ್ತಿರುವುದು ಇದೇ ಮೊದಲು. ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಆಟ, ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ.

ಆ ಕೊನೆಯ ಹೆಸರಿನ ಜೊತೆ ನನಗೊಂದು ಬಾಕಿ ಲೆಕ್ಕವಿದೆ. 2022ರ ಜನವರಿಯಲ್ಲಿ ನಮ್ಮ ದೇಶದಲ್ಲೇ ಏಷ್ಯನ್ ಕಪ್ ನಡೆಯಿತು. ಚೈನೀಸ್ ತೈಪೆ ಮೇಲಿನ ಆಟದ ದಿನ ನಮ್ಮ ಆಟಗಾರ್ತಿಯರಲ್ಲಿ ಅಷ್ಟೊಂದು ಜನಕ್ಕೆ ಕೋವಿಡ್ ಬಂದು, ತಂಡದ ಪಟ್ಟಿಗೆ ಬೇಕಾದ ಕನಿಷ್ಠ ಹದಿಮೂರು ಜನ ಆಗಲಿಲ್ಲ. ಟೂರ್ನಿಯಿಂದಲೇ ಹೊರಬಂದರು. ನನ್ನ ಶಾಲೆಯ ಹುಡುಗಿಯರು ಅವತ್ತು ಆಟ ನೋಡಲೆಂದೇ ನಮ್ಮ ಮನೆಗೆ ಬಂದಿದ್ದರು. ಮಾಡಿಟ್ಟ ಚುರುಮುರಿ ಹಾಗೇ ಉಳಿಯಿತು.

ಕಡೂರಿನಿಂದ ವೇದಾ ಕೃಷ್ಣಮೂರ್ತಿ ದೇಶದ ಪರ ಕ್ರಿಕೆಟ್ ಆಡಿದ ಮೇಲೆ, ನಮ್ಮ ಹುಡುಗಿಯರನ್ನು ಮೈದಾನಕ್ಕೆ ಕಳಿಸಿ ಎಂದು ತಂದೆತಾಯಿಯರ ಹತ್ತಿರ ಮಾತಾಡುವುದು ನನಗೆ ಎಷ್ಟು ಸುಲಭವಾಯಿತೆಂದು ನಾನು ಬಲ್ಲೆ. ಫುಟ್‌ಬಾಲಿನಲ್ಲಿ ನಮ್ಮ ಜಿಲ್ಲೆಗೆ ಅಂಥ ಹೆಸರು ಇನ್ನೂ ಬೇಕು. ನಿಮ್ಮ ಅಳಿಯನಿಗೆ ಸಂಗೀತಾ ಅವರ ಎರಡನೇ ಗೋಲು ತೋರಿಸಿ. ಅಕ್ಕನಿಗೆ ಮಗಳಿದ್ದರೆ ಅವಳನ್ನೂ ಕೂರಿಸಿಕೊಳ್ಳಿ.

ಬಾಳುಪೇಟೆ 11 | ಗುರುವಾರ ಸಂಜೆ 7:30

ಮೇಡಂ, ತಪ್ಪಾಯ್ತು. ಜುಲೈ ಮ್ಯಾಚಿನ ಸುದ್ದಿ ಓದಿದ್ದೆ, ನೋಡಿರಲಿಲ್ಲ. ಅಕ್ಕನಿಗೆ ಮಗಳೂ ಇದ್ದಾಳೆ, ಏಳನೇ ಕ್ಲಾಸು. ಅವಳನ್ನ ಇಲ್ಲೀತನಕ ನಾನು ಕರೆದೇ ಇರಲಿಲ್ಲ. ಇವತ್ತೇ ತೋರಿಸ್ತೀನಿ.

ಹಳೇ ಮೈಸೂರು | ಗುರುವಾರ ರಾತ್ರಿ 8:45

ನಿವೃತ್ತ ನೌಕರ, ಹಾಸನದಲ್ಲೇ ವಾಸ. ನಮ್ಮ ತಂದೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮೈಸೂರು ರಾಜ್ಯ ತಂಡದ ಆಟ ನೋಡಿದವರು. ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಹೆಸರುಗಳು ನನಗೆ ಬಾಯಿಪಾಠ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 2-1ರಲ್ಲಿ ಸೋತಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ, ಮುಂದೆ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರೆನಿಸಿದ ಐವರು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರೆಂದು ಹೆಸರಾದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು, 1960ರ ರೋಮ್‌ಗೂ ಹೋದರು.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು ಕೊನೆಯ ಸಲ ಗೆದ್ದದ್ದು 1968-69ರಲ್ಲಿ. ಆಮೇಲೆ ಕರ್ನಾಟಕವೆಂಬ ಹೆಸರಲ್ಲಿ ಅದನ್ನು ಮತ್ತೆ ಮುಟ್ಟಿದ್ದು 2023ರ ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಐವತ್ತನಾಲ್ಕು ವರ್ಷ! ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾರನೇ ದಿನ ಪತ್ರಿಕೆಯ ಆ ಪುಟವನ್ನು ಅವರ ಫೋಟೋದ ಮುಂದೆ ಇಟ್ಟೆ.

ಜಾವಗಲ್ ನಮ್ಮ ಜಿಲ್ಲೆಯದೆಂದು ಶ್ರೀನಾಥರ ಹೆಸರು ಹೇಳಿ ನಾವು ಎದೆಯುಬ್ಬಿಸುತ್ತೇವೆ, ಸರಿ. ಕೆಂಪಯ್ಯನವರ ಹೆಸರನ್ನೂ ಮಕ್ಕಳಿಗೆ ಹೇಳಿ.

ಗೋಲಿ | ಗುರುವಾರ ರಾತ್ರಿ 10:20

ಹಾಸನದಲ್ಲಿ ಲೀಗ್ ಮ್ಯಾಚುಗಳಲ್ಲಿ ಗೋಲ್‌ಕೀಪರ್ ಆಗಿ ನಿಂತವನು ನಾನು. ಗೋಲು ತಿಂದವನಿಗೆ ಗೋಲು ಹೊಡೆಯೋರ ಬೆಲೆ ಗೊತ್ತು.

ಛೆಟ್ರಿ ಬರೀ ಐದಡಿ ಏಳಿಂಚು. ಆದ್ರೂ ಎಷ್ಟೊಂದು ಗೋಲು ತಲೇಲಿ ಹೊಡೆದಿದ್ದಾನೆ! ಅವನು ಜಾಸ್ತಿ ಎತ್ತರಕ್ಕೆ ಹಾರಲ್ಲ, ಜಾಗಕ್ಕೆ ಮುಂಚೆ ಬಂದಿರ್ತಾನೆ. ಡಿಫೆಂಡರ್ ಚೆಂಡು ನೋಡ್ತಿರುವಾಗ ಇವನು ಡಿಫೆಂಡರನ್ನ ನೋಡ್ತಿರ್ತಾನೆ, ಅವನ ಬೆನ್ನ ಹಿಂದಿಂದ ಒಂದು ಹೆಜ್ಜೆ ಮುಂದಕ್ಕೆ ಬರ್ತಾನೆ. ಕೀಪರ್‌ಗೆ ಅವನು ಕಾಣೋದೇ ಕೊನೇ ಕ್ಷಣದಲ್ಲಿ. 2005ರ ಜೂನ್ 12ಕ್ಕೆ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಮೇಲೆ ಮೊದಲ ಮ್ಯಾಚಲ್ಲೇ ಗೋಲು, ಅಲ್ಲಿಂದ ಒಟ್ಟು 95. ಹ್ಯಾಟ್ರಿಕ್ ನಾಲ್ಕು: 2008ರಲ್ಲಿ ತಜಿಕಿಸ್ತಾನ, 2010ರಲ್ಲಿ ವಿಯೆಟ್ನಾಂ, 2018ರಲ್ಲಿ ಚೈನೀಸ್ ತೈಪೆ, 2023ರಲ್ಲಿ ಪಾಕಿಸ್ತಾನ. ತಜಿಕಿಸ್ತಾನದ ಮೇಲಿನ ಆ ಹ್ಯಾಟ್ರಿಕ್ಕೇ ನಮ್ಮನ್ನ 2011ರ ಏಷ್ಯನ್ ಕಪ್ಪಿಗೆ ಕರ್ಕೊಂಡು ಹೋಗಿದ್ದು. ಅದಕ್ಕೂ ಹಿಂದಿನದ್ದು 1984ರಲ್ಲಿ.

ಈಗ ಗೋಲು ಯಾಕೆ ಬರ್ತಿಲ್ಲ ಅಂದ್ರೆ, ನನ್ನ ಪ್ರಕಾರ ಮೂಲ ಇಲ್ಲಿದೆ. ಐಎಸ್‌ಎಲ್‌ನಲ್ಲಿ ಮೈದಾನದೊಳಗೆ ನಾಲ್ಕು ವಿದೇಶಿ ಆಟಗಾರರಿಗೆ ಅವಕಾಶ. ಅದರಲ್ಲಿ ಒಬ್ಬ ಗ್ಯಾರಂಟಿ ನಡುವಿನ ಸ್ಟ್ರೈಕರ್. ನಮ್ಮ ಹುಡುಗರು ಬದಿಗೆ ಹೋಗಿ ಕ್ರಾಸ್ ಹಾಕೋದು ಕಲೀತಾರೆ, ಹತ್ತು ಗಜದೊಳಗೆ ನಿಂತು ಮುಗಿಸೋದು ಯಾರು ಕಲಿಸ್ತಾರೆ? ಛೆಟ್ರಿನೇ ಬೆಂಗಳೂರು ಎಫ್‌ಸಿಯಲ್ಲಿ ವಿದೇಶಿ ಸ್ಟ್ರೈಕರ್ ಮಿಕು ಇದ್ದಾಗ ಎಡಗಡೆ ಆಡ್ತಿದ್ದ. ಕ್ಲಬ್ಬಲ್ಲಿ ಬದಿಗೆ ಆಡಿ, ದೇಶಕ್ಕೆ ನಡುವೆ ನಿಂತು ಗೋಲು ಹೊಡೆಯೋದು ಅವನೊಬ್ಬನ ಕೈಲಾಯ್ತು, ಎಲ್ಲರ ಕೈಲಾಗಲ್ಲ. 2024ರ ಜೂನ್‌ನಲ್ಲಿ ವಿದಾಯ ಹೇಳಿದವನನ್ನ ಒಂಬತ್ತೇ ತಿಂಗಳಿಗೆ ವಾಪಸ್ ಕರೀಬೇಕಾಯ್ತು. 40 ದಾಟಿದವನು ಆ ಸಲದ ಲೀಗಲ್ಲಿ 14 ಗೋಲು ಹೊಡೆದಿದ್ದ, ಇಂಡಿಯಾದವರಲ್ಲಿ ಅವನೇ ಮೊದಲು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ತಲೇಲಿ ಹೊಡೆದ, 3-0. ಹದಿನಾರು ತಿಂಗಳಿಂದ ಒಂದು ಗೆಲುವಿರಲಿಲ್ಲ ನಮಗೆ.

ಆ ಗೋಲಿಗೆ ಖುಷಿಪಟ್ಟೆ. ಆದ್ರೆ ಅವನ ಜಾಗಕ್ಕೆ ಇಪ್ಪತ್ತೆರಡರ ಹುಡುಗ ಒಬ್ಬನೂ ಸಿಗಲಿಲ್ವಲ್ಲ ಅಂತ ಹೊಟ್ಟೆ ಉರೀತು. ಈ ವರ್ಷವಂತೂ ಲೀಗು ಹೊತ್ತಿಗೆ ಸರಿಯಾಗಿ ಶುರುವೇ ಆಗಲಿಲ್ಲ. ಮ್ಯಾಚಿಲ್ಲದೆ ಕೂತ ಹುಡುಗರನ್ನ ಢಾಕಾಗೆ ಕಳಿಸಿ ಗೆದ್ದು ಬನ್ನಿ ಅಂದ್ರೆ ಹೇಗೆ? ಬೈಯೋದಿದ್ರೆ ಲೀಗು ನಡೆಸೋರನ್ನ ಬೈರಿ, ಆಡೋರನ್ನ ಬೈಬೇಡಿ.

ನೀಲಿ ಬಿಳಿ ಪಟ್ಟೆ | ಗುರುವಾರ ರಾತ್ರಿ 11:00

ಗೋಲಿ ಅಣ್ಣ, ಇದನ್ನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನನ್ನ ಮಾತು ವಾಪಸ್ ತಗೊಳ್ತಿಲ್ಲ, ಅರ್ಜೆಂಟೀನಾ ನನ್ನ ಟೀಮೇ. ಆದ್ರೆ ಖಾಲಿ ಸೀಟಿನ ಮಾತು ನಿನ್ನೆಯಿಂದ ಬಿಡ್ತಿಲ್ಲ. ನಾನು ಬೆಂಗಳೂರಿಗೆ ತಿಂಗಳಿಗೊಂದ್ಸಲ ಸರಕು ತರೋಕೆ ಹೋಗ್ತೀನಿ. ಒಂದು ಸಲವೂ ಕಂಠೀರವದ ಒಳಗೆ ಹೋಗಿಲ್ಲ.

ಬಾಳುಪೇಟೆ 11 | ಶುಕ್ರವಾರ ರಾತ್ರಿ 9:15

ಎಲ್ಲರದ್ದೂ ಎರಡೆರಡು ಸಲ ಓದಿದೆ. ಓದ್ತಾ ಓದ್ತಾ ಒಂದು ರಾತ್ರಿ ನೆನಪಾಯ್ತು.

2024ರ ಮಾರ್ಚ್ 26. ರೋಬಸ್ಟಾ ಕೊಯ್ಲು ಮುಗಿಯೋ ಹೊತ್ತು. ಹೂಮಳೆ ಬಂದಿರಲಿಲ್ಲ, ಸ್ಪ್ರಿಂಕ್ಲರ್ ಹೊಡೆದ ಪಟ್ಟೇಲಿ ಮಾತ್ರ ಹೂ ಬಿಟ್ಟು ಕೆಲಸಗಾರರ ಲೈನ್ ಮನೆಗಳವರೆಗೂ ಘಮ ಬರ್ತಿತ್ತು. ಅವತ್ತು ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಮೇಲೆ ಮ್ಯಾಚು, ಛೆಟ್ರಿದು 150ನೇದು. ನಮ್ಮ ತೋಟದಲ್ಲಿ ಅಸ್ಸಾಮಿನ ಹುಡುಗರು ಏಳೆಂಟು ಜನ ಕೆಲಸಕ್ಕಿದ್ರು. ಮನೇಲಿ ಕರೆಂಟಿರಲಿಲ್ಲ, ನನ್ನ ಫೋನಲ್ಲಿ ಚಾರ್ಜೂ ಇರಲಿಲ್ಲ. ಲೈನ್ ಹತ್ರ ಬೆಳಕು ಕಂಡು ಹೋದೆ. ಒಂದು ಫೋನನ್ನ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಎಲ್ರೂ ನೆಲದ ಮೇಲೆ ಕೂತಿದ್ರು. ನನ್ನ ಕಂಡು ಎದ್ದು ನಿಂತ್ರು. ಕೂತ್ಕೊಳ್ರೋ ಅಂತ ನಾನೂ ಅವರ ನಡುವೆ ಜಾಗ ಮಾಡ್ಕೊಂಡೆ. ಆ ಫೋನಿನ ಗಾಜು ಅಡ್ಡಡ್ಡ ಒಡೆದಿತ್ತು, ಚೆಂಡು ಆ ಗೆರೆ ದಾಟುವಾಗ ಎರಡಾಗಿ ಕಾಣ್ತಿತ್ತು.

ಸ್ಟೇಡಿಯಂ ತೋರಿಸಿದಾಗ ಒಬ್ಬ ಹುಡುಗ ಬೆರಳಿಟ್ಟು "ಸಾರ್, ಸರುಸಜಾಯ್" ಅಂದ. ಅದರ ಪಕ್ಕದ ರಸ್ತೆ ಕೆಲಸಕ್ಕೆ ಹೋಗಿದ್ನಂತೆ, ಗೋಡೆ ಹೊರಗಿಂದ ಲೈಟು ಮಾತ್ರ ನೋಡಿದ್ನಂತೆ. ಒಳಗೆ ಹೇಗಿದೆ ಅಂತ ಅವನು ಮೊದಲ ಸಲ ನೋಡಿದ್ದು ಸಕಲೇಶಪುರದ ಲೈನ್ ಮನೇಲಿ.

38ನೇ ನಿಮಿಷಕ್ಕೆ ಛೆಟ್ರಿ ಪೆನಾಲ್ಟಿ ಹಾಕಿದ. ನಾವು ಕೂಗಿದ್ದಕ್ಕೆ ಮೇಲಿನ ಬಂಗಲೆ ನಾಯಿ ಬೊಗಳೋಕೆ ಶುರು ಮಾಡ್ತು. ಆಮೇಲೆ ಅವರು ಸಮ ಮಾಡಿದ್ರು. 88ನೇ ನಿಮಿಷಕ್ಕೆ ಅವರಿಗೂ ಪೆನಾಲ್ಟಿ. 2-1. ಮ್ಯಾಚ್ ಮುಗಿದ್ಮೇಲೂ ಯಾರೂ ಏಳಲಿಲ್ಲ. ಆ ಹುಡುಗ ಫೋನನ್ನ ಎತ್ತಿ ಅಂಗಿಯಿಂದ ಗಾಜು ಒರೆಸಿ ಜೇಬಿಗಿಟ್ಟ.

ಬೆಳಿಗ್ಗೆ ತೂಕದ ಹತ್ರ ಮೂಟೆ ಇಳಿಸಿ ನಿಂತ. ತಪ್ಪುತಪ್ಪು ಕನ್ನಡದಲ್ಲಿ "ಸಾರ್, ಜೂನ್ ಕುವೈತ್ ಮ್ಯಾಚ್ ಇದೆ" ಅಂದ. ಅಷ್ಟೇ ಮಾತು. ಜೂನ್ ಅಷ್ಟೊತ್ತಿಗೆ ಅವನು ಊರಿಗೆ ಹೋಗಿದ್ದ. 6ನೇ ತಾರೀಕು ಕೋಲ್ಕತ್ತಾದಲ್ಲಿ 0-0 ಆಗಿ, ಛೆಟ್ರಿ ಸಾಲಾಗಿ ನಿಂತ ಆಟಗಾರರ ಮಧ್ಯೆ ಅಳ್ತಾ ನಡೆದುಹೋದ ಮೇಲೆ ನನ್ನ ಫೋನು ಹೊಡ್ಕೊಂಡ್ತು. ಅಸ್ಸಾಮಿಂದ ಆ ಹುಡುಗ. ಇಬ್ರಿಗೂ ಮಾತು ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ದು ಇಟ್ವಿ.

ಈ ಸಲ ಕೊಯ್ಲಿಗೆ ಮತ್ತೆ ಬಂದಿದ್ದಾನೆ. ಮೊನ್ನೆ ಢಾಕಾ ಮ್ಯಾಚು ಮುಗಿದ ಮಾರನೇ ದಿನ ತೂಕದ ಹತ್ರ ನಿಂತು "ಸಾರ್, ಹಾಂಗ್‌ಕಾಂಗ್" ಅಂದ. ಹುಡುಗನ ಪ್ರಶ್ನೆಗೆ ನಾನು ಉತ್ತರ ಹುಡುಕ್ತಿದ್ದಿದ್ದು ಅದೇ ಬೆಳಿಗ್ಗೆ.

ಹಳದಿ ಆನೆ | ಶುಕ್ರವಾರ ರಾತ್ರಿ 9:40

ಮಾರಾಯ್ರೆ, ಆ ಹುಡುಗನನ್ನ ಕರ್ಕೊಂಡು ಹೋಗೋಣ. ಗೋಡೆ ಹೊರಗಿಂದ ನೋಡಿದ್ದು ಸಾಕು. ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಮೇಲೆ ಇಂಡಿಯಾದಲ್ಲೇ ಆಟ ಇದೆ. ಅವನ ಟಿಕೆಟ್ ದುಡ್ಡು ನನ್ನದು.

ಗೋಲಿ | ಶುಕ್ರವಾರ ರಾತ್ರಿ 9:55

ಬಸ್ ಚಾರ್ಜು ನನ್ನದು.

ಪಿಟಿ ಮೇಡಂ | ಶನಿವಾರ ಬೆಳಿಗ್ಗೆ 7:00

ಮಾರ್ಚ್ ಅಂದರೆ ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ನಿಮ್ಮ ಅಕ್ಕನವರನ್ನು ಕೇಳದೆ ಹುಡುಗನಿಗೆ ಮಾತು ಕೊಡಬೇಡಿ. ಹೆಣ್ಣುಮಕ್ಕಳ ಏಷ್ಯನ್ ಕಪ್ ಆಟವನ್ನು ನಾನು ನಮ್ಮ ಮನೆಯಲ್ಲಿ ಹಾಕುತ್ತೇನೆ, ಹತ್ತಿರದವರು ಬನ್ನಿ. ಚುರುಮುರಿ ಈ ಸಲ ಉಳಿಯಬಾರದು.

ಬಾಳುಪೇಟೆ 11 | ಭಾನುವಾರ ಸಂಜೆ 6:20

ಕಣದಲ್ಲಿ ಕಾಫಿ ಹರವಿದೆ, ಹುಡುಗರಿಗೆ ಅಲ್ಲಿ ಆಡೋಕೆ ಜಾಗ ಇಲ್ಲ. ಇವತ್ತು ಸ್ಕೂಲ್ ಫೀಲ್ಡಿಗೆ ಕರ್ಕೊಂಡು ಹೋಗಿದ್ದೆ, ಅಕ್ಕನ ಮಗಳೂ ಬಂದ್ಲು. ಸಂಗೀತಾ ಗೋಲು ಅವಳಿಗೆ ತೋರಿಸಿದ್ದೆ, ಇವತ್ತು ಕಾಲಲ್ಲಿ ಅದೇ ಪ್ರಯತ್ನ. ಮೇಡಂ, ಹುಡುಗಿ ಎಡಗಾಲಲ್ಲಿ ಒಳ್ಳೆ ಜೋರಾಗಿ ಹೊಡೀತಾಳೆ, ನನಗೆ ಗೊತ್ತೇ ಇರಲಿಲ್ಲ.

ಹುಡುಗ ಬೆವರು ಒರೆಸ್ಕೊಂಡು ನನ್ನ ಪಕ್ಕ ಕೂತಾಗ ಫೋನಲ್ಲಿ 2017ರ ಗೋಲು ಹಾಕಿ ಕೊಟ್ಟೆ. ಒಂದ್ಸಲ ನೋಡ್ದ. ಏನೂ ಅನ್ನಲಿಲ್ಲ. ಬೆರಳಿಂದ ಹಿಂದಕ್ಕೆ ಎಳೆದು ಮತ್ತೆ ನೋಡ್ದ. ಮೂರನೇ ಸಲಕ್ಕೆ, "ಮಾಮ, ಪಾಸ್ ಕೊಟ್ಮೇಲೂ ನಿಲ್ಲಲಿಲ್ಲ ಅವ್ನು" ಅಂದ. ಆಮೇಲೆ ಗ್ಯಾಲರಿ ತೋರಿಸಿದ ಕಡೆ ನಿಲ್ಲಿಸಿ, "ನೀನೆಲ್ಲಿದ್ದೆ?" ಅಂತ ಕೇಳಿದ. ತೋರಿಸಿದೆ. ಅಲ್ಲಿ ಬರೀ ಚುಕ್ಕಿಗಳು. ಆದ್ರೂ ಹತ್ರ ಹಿಡ್ಕೊಂಡು ನೋಡ್ದ.

ಅಕ್ಕನ ಜೊತೆ ಮಾತಾಡಿದ್ದೀನಿ. ಪರೀಕ್ಷೆ ವೇಳಾಪಟ್ಟಿ ಬಂದ ಮೇಲೆ ನೋಡೋಣ ಅಂದಿದ್ದಾಳೆ. ರೋಬಸ್ಟಾ ಅಷ್ಟೊತ್ತಿಗೆ ಮುಗಿದಿರುತ್ತೆ, ನನ್ನ ರಜೆಗೆ ಸಾಹುಕಾರ್ರು ಬೇಡ ಅನ್ನಲ್ಲ. ನಾನು, ಅಸ್ಸಾಮಿನ ಹುಡುಗ, ಹಳದಿ ಆನೆ, ಗೋಲಿ, ಇಷ್ಟು ಗ್ಯಾರಂಟಿ. ಮಕ್ಕಳಿಬ್ಬರು ಪರೀಕ್ಷೆ ಮೇಲೆ. ಟಿಕೆಟ್ ಬಿಟ್ಟ ಕೂಡ್ಲೇ ಮೊದಲು ನೋಡಿದವರು ಇಲ್ಲೇ ಹಾಕಿ.

ನೀಲಿ ಬಿಳಿ ಪಟ್ಟೆ | ಭಾನುವಾರ ಸಂಜೆ 6:45

ನನ್ನದೂ ಒಂದು ಸೇರಿಸ್ಕೊಳ್ಳಿ ಅಣ್ಣ. ಹಾಸನದಲ್ಲಿ ಹತ್ಕೊಳ್ತೀನಿ.